ಅಪ್‌ಡೇಟ್ ಇಲ್ಲದ ಮನೆ ಕಂಪ್ಯೂಟರ್

ಸಂಪಾದಕರೇ,

‘ನಮ್ಮ ಕಂಪ್ಯೂಟರಲ್ಲಿ ಕದಿಯೋಕೆ ಏನಿದೆ?’ ಎನ್ನುವವರೇ ಜಾಸ್ತಿ. ಆದರೆ ಹ್ಯಾಕರ್‌ಗಳು ಯಾರ ಮನೆ ಎಂದು ನೋಡಿ ಬರುವುದಿಲ್ಲ. ಅವರು ಬಿಟ್ಟ ಪ್ರೋಗ್ರಾಂ ಇಂಟರ್ನೆಟ್ಟಿನಲ್ಲಿ ತಾನೇ ಹುಡುಕುತ್ತಾ ಹೋಗಿ, ದೋಷ ಸರಿಪಡಿಸದ ಯಂತ್ರ ಸಿಕ್ಕಲ್ಲೆಲ್ಲ ನುಗ್ಗುತ್ತದೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಅಂಥದೊಂದು ಪ್ರೋಗ್ರಾಂ ಹರಡಿದ್ದು ಹೀಗೆಯೇ. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಫೈಲುಗಳನ್ನೆಲ್ಲ ತೆರೆಯಲಾಗದಂತೆ ಮಾಡಿ ಹಣ ಕೇಳಿದರು. ಬೇಸರದ ಸಂಗತಿ ಎಂದರೆ, ವಿಂಡೋಸ್ 7ರಲ್ಲಿದ್ದ ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು. ಎಷ್ಟೋ ಜನ ಹಾಕಿಕೊಂಡಿರಲೇ ಇಲ್ಲ.

ಈಗ ವಿಂಡೋಸ್ 10ರ ಸರದಿ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಉಚಿತ ಅಪ್‌ಡೇಟ್ ನಿಂತಿದೆ. ಹಳೆಯ ಯಂತ್ರಗಳಲ್ಲಿ ಎಷ್ಟೋ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹೊಸದು ಕೊಳ್ಳಿ ಎನ್ನುವುದು ಸುಲಭ, ಮಕ್ಕಳ ಓದಿಗೆಂದು ಸೆಕೆಂಡ್ ಹ್ಯಾಂಡ್ ತಂದವರು ಏನು ಮಾಡಬೇಕು? ಆ ದಿನದಿಂದ ಇನ್ನೂ ಒಂದು ವರ್ಷದ ರಕ್ಷಣೆಗೆ ನೋಂದಾಯಿಸಿಕೊಳ್ಳಲು ಮೈಕ್ರೋಸಾಫ್ಟ್ ಅವಕಾಶ ಕೊಟ್ಟಿದೆ. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ, ಉಚಿತವಾಗಿ ಸಿಗುವ ಲಿನಕ್ಸ್ ಕೂಡ ಇದೆ. ಇದನ್ನು ಅವರಿಗೆ ಕನ್ನಡದಲ್ಲಿ ಹೇಳುವವರು ಯಾರು?

ಇನ್ನು ಕೆಲವು ಅಂಗಡಿಗಳಲ್ಲಿ ಪೈರೇಟೆಡ್, ಅಂದರೆ ಕಳ್ಳ ಪ್ರತಿಯ ವಿಂಡೋಸ್ ಹಾಕಿ, ಅಪ್‌ಡೇಟ್ ಆಫ್ ಮಾಡಿ ಕೊಡುತ್ತಾರೆ. ಕೊಂಡವರಿಗೆ ಅದು ಗೊತ್ತೇ ಇರುವುದಿಲ್ಲ. ಇದು ಮೋಸ ಅಲ್ವಾ?

ತಮ್ಮ ಪತ್ರಿಕೆ ವಾರಕ್ಕೊಮ್ಮೆ ಅರ್ಧ ಕಾಲಂ ಇದಕ್ಕೆ ಮೀಸಲಿಡಲಿ. ಅಪ್‌ಡೇಟ್ ನೋಡುವುದು ಹೇಗೆ, ವೈಫೈ ರೌಟರ್‌ಗೆ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸುವುದು ಹೇಗೆ ಎಂದು ಚಿತ್ರ ಸಮೇತ ತಿಳಿಸಿ.

– ಒಬ್ಬ ಓದುಗ, ತುಮಕೂರು