ಗೆಳೆಯನಿಗೊಂದು ಪತ್ರ: ದೂರು ಕೊಡುವ ಮುಂಚೆ

ಪ್ರೀತಿಯ ಗೆಳೆಯ,

ಇಲ್ಲಿ ಎಲ್ಲರೂ ಕ್ಷೇಮ. ನೀನೂ ಆರೋಗ್ಯವಾಗಿ, ಚೆನ್ನಾಗಿ ಇರಬೇಕು ಅಂತ ನನ್ನ ಆಸೆ. (ಈ ಸಾಲು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.)

ನಿನ್ನ ಸಿಟ್ಟು ಅರ್ಥವಾಯಿತು. ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಈಗಷ್ಟೇ ಕೆಲಸಕ್ಕೆ ಮರಳಿದ ಹೆಂಗಸಿಗೆ ನಿಮ್ಮ ಟೀಮ್ ಲೀಡ್ "ನಂಬಿಕೆ ಗಟ್ಟಿಯಾಗಿದ್ದಿದ್ದರೆ ಕಾಯಿಲೆ ಹತ್ತಿರ ಸುಳಿಯುತ್ತಿರಲಿಲ್ಲ" ಅಂದರಂತೆ. ಅದೂ ಊಟದ ಹೊತ್ತಿನಲ್ಲಿ, ಎಲ್ಲರ ಎದುರು. ಯಾರಿಗಾದರೂ ಮೈ ಉರಿಯುತ್ತದೆ. ಆದರೆ ಕೊನೆಯಲ್ಲಿ "ಈ ಪೆಂಟೆಕೋಸ್ಟಲ್‌ನವರೇ ಇಷ್ಟು, ಆಫೀಸಿನಲ್ಲಿ ದೇವರ ಮಾತನ್ನೇ ಬಂದ್ ಮಾಡಿಸ್ತೀನಿ" ಅಂತ ಬರೆದಿದ್ದೀಯಲ್ಲ, ಅಲ್ಲಿ ನನ್ನ ತಕರಾರು.

ನಂಬಿದರೆ ಕಾಯಿಲೆ ಬರಲ್ಲ, ದುಡ್ಡು ಬರುತ್ತೆ ಅನ್ನುವ ಮಾತಿನಿಂದ ಆ ಕ್ರೈಸ್ತ ಪಂಗಡ ಬೆಳೆದಿದ್ದಲ್ಲ ಕಣೋ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಒಂದು ಹಳೇ ಕಟ್ಟಡದಲ್ಲಿ ವಿಲಿಯಂ ಸೀಮೋರ್ ಅನ್ನುವ ಕರಿಯ ಬೋಧಕರು ಪ್ರಾರ್ಥನಾ ಕೂಟ ನಡೆಸಿದರು. ಅವರ ಅಪ್ಪ ಅಮ್ಮ ಒಂದು ಕಾಲಕ್ಕೆ ಗುಲಾಮರಾಗಿದ್ದವರು. ಕರಿಯರು ಬಿಳಿಯರು ಒಟ್ಟಿಗೆ ಕೂರುವುದೇ ತಪ್ಪು ಅನ್ನುವ ಕಾಲದಲ್ಲಿ ಅಲ್ಲಿ ಒಟ್ಟಿಗೆ ಮೊಣಕಾಲೂರಿದರು. ಆರೋಗ್ಯ, ಐಶ್ವರ್ಯ ಎರಡೂ ನಂಬಿದವನ ಹಕ್ಕು ಅನ್ನುವ ಈ ಸಮೃದ್ಧಿಯ ಬೋಧನೆ ಆಮೇಲೆ ಬಂದು ಸೇರಿಕೊಂಡಿದ್ದು. ಬಾಯಿಬಿಟ್ಟು ಅರಿಕೆ ಮಾಡಿದ್ದು ಕೈಗೆ ಸಿಗುತ್ತದೆ ಅನ್ನುವ ಮಾತಿನ ಬೇರು ಅಮೆರಿಕದ ಬೋಧಕ ಇ. ಡಬ್ಲ್ಯೂ. ಕೆನ್ಯನ್ ಅವರಲ್ಲಿದೆ, ಅದನ್ನು ಊರೂರಿಗೆ ಹರಡಿದವರು ಅಲ್ಲಿನ ಇನ್ನೊಬ್ಬ ಬೋಧಕ ಕೆನೆತ್ ಹೇಗಿನ್. ಕಾಣಿಕೆ ಅಂದರೆ ಬಿತ್ತನೆ ಬೀಜ, ಫಸಲು ಬಂದೇ ಬರುತ್ತದೆ ಅಂದವರು ಅಲ್ಲಿನವರೇ ಆದ ಬೋಧಕ ಓರಲ್ ರಾಬರ್ಟ್ಸ್. 1987ರಲ್ಲಂತೂ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ನನ್ನನ್ನು ಕರೆದುಕೊಂಡುಬಿಡುತ್ತಾನೆ ಅಂತಲೇ ಹೇಳಿಬಿಟ್ಟರು!

ಇದನ್ನು ಮೊದಲು ಬೈದವರಲ್ಲಿ ಪೆಂಟೆಕೋಸ್ಟಲ್‌ನವರೂ ಇದ್ದಾರೆ. ಅಸೆಂಬ್ಲೀಸ್ ಆಫ್ ಗಾಡ್ ಅನ್ನುವ ಅವರದೇ ದೊಡ್ಡ ಚರ್ಚ್ ಸಂಘಟನೆ 1980ರಲ್ಲೇ, ಒಂದೆರಡು ವಾಕ್ಯ ಹಿಡಿದುಕೊಂಡು ಬೋಧಿಸಬೇಡಿ, ಇಡೀ ಬೈಬಲ್ ನೋಡಿ ಅಂತ ಹೇಳಿಕೆ ಹೊರಡಿಸಿತ್ತು. ಗಾರ್ಡನ್ ಫೀ ಅನ್ನುವ ಅವರ ವಿದ್ವಾಂಸರು ಇನ್ನೂ ಚೆನ್ನಾಗಿ ಹೇಳಿದ್ದಾರೆ. ಸಮೃದ್ಧಿಯ ಬೋಧಕರು ಮಾತೆತ್ತಿದರೆ ಯೋಹಾನನ ಮೂರನೇ ಪತ್ರದ ಎರಡನೇ ವಾಕ್ಯ ತೋರಿಸುತ್ತಾರೆ: ನೀನು ಎಲ್ಲದರಲ್ಲೂ ಸುಕ್ಷೇಮವಾಗಿರಬೇಕು, ಆರೋಗ್ಯವಾಗಿರಬೇಕು ಅನ್ನುವ ಅರ್ಥದ ಮಾತು. ಅದು ಆ ಕಾಲದ ಕಾಗದಗಳ ಮಾಮೂಲಿ ಮೊದಲ ಸಾಲು ಅಷ್ಟೇ ಅಂತಾರೆ ಫೀ. ನಾನು ಬರೆದ ಈ ಪತ್ರದ ಮೊದಲ ಸಾಲು ನೋಡು. ಅದನ್ನು ಹಿಡಿದುಕೊಂಡು ನಾಳೆ ನೀನು "ಆರೋಗ್ಯ ಎಲ್ಲಿ, ಕೊಡು" ಅಂತ ನನ್ನ ಮನೆ ಬಾಗಿಲಿಗೆ ಬಂದರೆ ಹೇಗೆ?

ನಿಮ್ಮ ಟೀಮ್ ಲೀಡ್‌ಗೆ ಉತ್ತರ ಅವರ ಬೈಬಲಿನಲ್ಲೇ ಇದೆ. ಯೋಬ ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತಾಗ ಗೆಳೆಯರು ಬಂದು, ನೀನೇನೋ ತಪ್ಪು ಮಾಡಿದ್ದೀಯ, ಅದಕ್ಕೇ ಹೀಗಾಗಿದೆ ಅಂತ ಉಪದೇಶ ಮಾಡುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ.

ಇಷ್ಟೆಲ್ಲ ಗೊತ್ತಿದ್ದೂ ನಾನೇನು ಮಾಡಿದೆ ಗೊತ್ತಾ? ಹಿಂದಿನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನೂ ಇದೇ ಬೋಧನೆಯವನು. "ಈ ವರ್ಷ ನನಗೆ ವಾಗ್ದಾನ ಇದೆ" ಅನ್ನುತ್ತಿದ್ದ. ಸೋಮವಾರ ಬಂದರೆ ನಾನು "ಏನಪ್ಪಾ, ಕಾರು ಬಂತಾ?" ಅಂತ ಕಿಚಾಯಿಸುತ್ತಿದ್ದೆ. ಮೊದಮೊದಲು ನಕ್ಕ. ಆಮೇಲೆ ನಮ್ಮ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟ. ಅವನ ಕೆಲಸ ಕಾಂಟ್ರ್ಯಾಕ್ಟಿನದು, ಮೂರು ತಿಂಗಳಿಗೊಮ್ಮೆ ಇರುತ್ತೋ ಹೋಗುತ್ತೋ ಅನ್ನುವ ಸ್ಥಿತಿ. ನಾಳೆ ನಿನ್ನದು ಅಂತ ಅವನಿಗೆ ಹೇಳುತ್ತಿದ್ದುದು ಅವನ ಚರ್ಚ್ ಒಂದೇ. ದಶಮಾಂಶ, ಅಂದರೆ ಸಂಪಾದನೆಯ ಹತ್ತರಲ್ಲಿ ಒಂದು ಪಾಲು, ಚರ್ಚಿಗೆ ಕೊಡಲು ಸಾಲ ಮಾಡುತ್ತಿದ್ದ ಅಂತ ಗೊತ್ತಾದಾಗ ಆ ಬೋಧನೆಯ ಮೇಲೆ ನನ್ನ ಕೋಪ ಇನ್ನೂ ಜಾಸ್ತಿಯಾಯಿತು. ಆದರೆ ನನ್ನ ಕುಹಕದಿಂದ ಅವನ ಸಾಲವೇನೂ ತೀರಲಿಲ್ಲವಲ್ಲ. ತಮಾಷೆ ನೋಡು, ಅದೇ ತಿಂಗಳು ಕಂಪನಿಯ ತರಬೇತಿಗೆ ಬಂದವನೊಬ್ಬ "ಗೆಲ್ಲುತ್ತೇನೆ ಅಂತ ನಂಬಿ, ಗೆದ್ದೇ ಗೆಲ್ಲುತ್ತೀರಿ" ಅಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಗೆಲ್ಲದವರು ನಂಬಿಲ್ಲ ಅಂತಲೇ ಅದರ ಅರ್ಥ, ಅಲ್ವಾ?

ಇನ್ನು ಆಫೀಸಿನಲ್ಲಿ ದೇವರ ಮಾತು ಬಂದ್ ಮಾಡಿಸುವ ವಿಷಯ. ಅಮೆರಿಕದಲ್ಲಿ ಗ್ರಾಫ್ ಅನ್ನುವ ಅಂಚೆ ನೌಕರ ಭಾನುವಾರ ದೇವರ ದಿನ, ಕೆಲಸ ಮಾಡಲ್ಲ ಅಂತ ಕೋರ್ಟಿಗೆ ಹೋಗಿದ್ದ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಇಂಥ ಬೇಡಿಕೆಯನ್ನು ತಳ್ಳಿಹಾಕಬೇಕಾದರೆ ವ್ಯವಹಾರಕ್ಕೆ ಗಣನೀಯ ಹೊರೆ ಬಿದ್ದಿರಬೇಕು ಅಂದಿತು. ಜೊತೆಗಾರರಿಗೆ ಆ ಧರ್ಮ ಹಿಡಿಸಲ್ಲ ಅನ್ನುವುದು ಹೊರೆಯ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಹೇಳಿತು. ನನಗೆ ಇದು ಸರಿ ಅನ್ನಿಸುತ್ತದೆ. ಟೀಮ್ ಲೀಡ್ ಏನು ನಂಬುತ್ತಾರೆ ಅನ್ನುವುದನ್ನು ನಿನ್ನ ದೂರಿನಲ್ಲಿ ಬರೆಯಬೇಡ. ರಜೆಗೆ ಸಹಿ ಹಾಕುವ ಮನುಷ್ಯ, ತನ್ನ ಕೈಕೆಳಗಿನವಳ ಕಾಯಿಲೆಯ ಬಗ್ಗೆ ಎಲ್ಲರೆದುರು ತೀರ್ಪು ಕೊಟ್ಟರು, ಅವಳು ಎದುರಾಡುವ ಹಾಗಿರಲಿಲ್ಲ. ಇಷ್ಟೇ ಬರಿ. ಅವರು ಯಾವ ಧರ್ಮದವರಾಗಿದ್ದರೂ, ಧರ್ಮವೇ ಇಲ್ಲದವರಾಗಿದ್ದರೂ ಆ ದೂರು ನಿಲ್ಲಬೇಕು. ಮೂಲೆಯಲ್ಲಿ ಕೂತು ಐದು ನಿಮಿಷ ಪ್ರಾರ್ಥನೆ ಮಾಡುವವರ ತಂಟೆಗೆ ಸುಮ್ನೆ ಹೋಗಬೇಡ.

ಅಂದಹಾಗೆ, ಅವಳನ್ನು ಕೇಳಿದೆಯಾ? ಮೂರು ಪುಟದ ನಿನ್ನ ಪತ್ರದಲ್ಲಿ ಅವಳು ಆಡಿದ ಒಂದು ಮಾತೂ ಇಲ್ಲ. ದೂರು ಬೇಕೋ ಬೇಡವೋ ಅವಳೇ ಹೇಳಲಿ.

ನನ್ನ ಪಕ್ಕದ ಮೇಜಿನವನ ನಂಬರ್ ಇನ್ನೂ ಫೋನಿನಲ್ಲಿದೆ. ಎರಡು ಸಲ ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ.

ಇಂತಿ,
ನಿನ್ನ ಹಳೇ ಗೆಳೆಯ