ಮೂಲೆಗೆ ಸರಿಯುವ ಕುದುರೆ

ಶೇಷಾದ್ರಿಪುರ, ಬೆಂಗಳೂರು

ಚಿ. ಮಂಜುನಾಥನಿಗೆ ಮಾವನ ಆಶೀರ್ವಾದ.

ಮೈಸೂರಿನ ರೇಸ್ ಕುದುರೆ ಲಾಯದ ಕೆಲಸ, ಸಂಬಳ, ರೂಮಿನ ವಿಚಾರ ಎಲ್ಲಾ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ. ನಿನ್ನ ಕಾಗದದ ಕೊನೇ ಸಾಲು ಮಾತ್ರ ನನ್ನ ನಿದ್ದೆ ಕೆಡಿಸಿತು. "ನಾನು ಲಾಯದ ಬಾಗಿಲು ತೆಗೆದರೆ ಹೊಸ ಗಂಡು ಮರಿ, ಆ ಕೋಲ್ಟ್, ಮೂಲೆಗೆ ಸರಿದು ಬೆನ್ನು ತಿರುಗಿಸುತ್ತೆ ಮಾವ, ಮೇವು ಹಾಕಿ ನೋಡಿಕೊಳ್ಳೋ ಸೈಸ್ ಹೋದರೆ ಹಾಗೆ ಮಾಡಲ್ಲ" ಅಂತ ಬರೆದಿದ್ದೀಯ.

ಕುದುರೆ ಒದೆಯುತ್ತೆ, ಭಯ ಆಗುತ್ತೆ ಅಂತ ಬರೆದಿದ್ದರೆ ಇಷ್ಟು ಯೋಚನೆ ಮಾಡುತ್ತಿರಲಿಲ್ಲ. ಅದು ನಿನ್ನ ಭಯ, ನೀನೇ ಸಂಭಾಳಿಸಿಕೊಳ್ಳಬಹುದು. ಇದು ಅದರ ಭಯ.

ಆ ಕೋಲ್ಟ್ ಲೆಕ್ಕಕ್ಕೆ ಎರಡು ವರ್ಷದ್ದು. ರೇಸಿನ ಕುದುರೆಗಳಿಗೆಲ್ಲಾ ಜನವರಿ 1ಕ್ಕೇ ವಯಸ್ಸು ಏರುತ್ತಲ್ಲ. ಏಪ್ರಿಲ್‌ನಲ್ಲಿ ಹುಟ್ಟಿದ್ದು 20 ತಿಂಗಳು ಚಿಲ್ಲರೆಗೇ ಎರಡು ವರ್ಷದ್ದಾಗಿಬಿಡುತ್ತೆ. ಇನ್ನೂ ಮರಿ ಕಣಪ್ಪಾ ಅದು. ಬಾಯಿ ನೋಡಿಸಿದ್ದೀರಾ? ಕಡಿವಾಣ ಕೂರುವ ಕಡೆ ಕೆಲವಕ್ಕೆ ಚಿಕ್ಕದೊಂದು ಹಲ್ಲಿರುತ್ತೆ, ತಾಗಿದರೆ ನೋವು. ಸೈಸ್ ಕೈಯಲ್ಲಿ ಹುಲ್ಲು, ನಿನ್ನ ಕೈಯಲ್ಲಿ ಕಡಿವಾಣ. ಯಾರನ್ನು ಕಂಡರೆ ಮೂಲೆ ಸೇರುತ್ತೆ, ನೀನೇ ಹೇಳು. ನಿಮ್ಮ ಡಾಕ್ಟರಿಗೆ ಇದೆಲ್ಲಾ ಗೊತ್ತಿರುತ್ತೆ, ನಾನು ಸುಮ್ಮನೆ ಬರೆದೆ.

ನೋವಲ್ಲ, ಭಯವೇ ಅಂತಾದರೆ? ಅದೇ ನನ್ನನ್ನು ಕೊರೆಯುತ್ತಿರೋದು. ಹೆದರಿದ ಕುದುರೆಯೂ ರೇಸ್ ಗೆಲ್ಲುತ್ತೆ, ಮಂಜು. ಗೆದ್ದರೆ ಮಾಲೀಕರು ನಿನ್ನ ಬೆನ್ನು ತಟ್ಟುತ್ತಾರೆ, ಯಾರೂ ತಡೆಯಲ್ಲ. ನಾನು ಇಲ್ಲಿ ರೇಸ್‌ಕೋರ್ಸಿನಲ್ಲಿದ್ದಾಗ ಒಂದು ಫಿಲ್ಲಿ, ಎಳೇ ಹೆಣ್ಣು ಕುದುರೆ, ಇತ್ತು. ಸ್ಟಾರ್ಟಿಂಗ್ ಗೇಟ್ ಕಂಡರೆ ಮೈಯೆಲ್ಲಾ ಬೆವರು. ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದಿನಿಂದ ನಾಲ್ಕು ಜನ ತಳ್ಳಿ ಒಳಗೆ ಹಾಕುತ್ತಿದ್ದರು. ಬಾಗಿಲು ತೆಗೆದರೆ ಬಾಣ! ಗೆದ್ದ ದಿನ ಬಕ್ಷೀಸು ಬಂತು, ಮನೆಗೆ ಮೈಸೂರುಪಾಕು ತಂದೆ, ನಿಮ್ಮಮ್ಮನೂ ತಿಂದಳು. ಆಮೇಲೆ ಕಾಲು ಕೆಟ್ಟಿತು, ಮಾರಿದರು. ಯಾರಿಗೆ ಅಂತ ನಾನು ಕೇಳಲಿಲ್ಲ. ಆಗ ಯಾರೂ ಕೇಳುತ್ತಿರಲಿಲ್ಲ ಅನ್ನೋದು ಸಮಾಧಾನಕ್ಕೆ ಹೇಳಿಕೊಳ್ಳೋ ಮಾತು. ಈಗಲೂ ಆ ಕಡೆ ಬಸ್ಸು ತಿರುಗಿದರೆ ನೆನಪಾಗುತ್ತೆ.

ಕುದುರೆ ಸವಾರ ಫವಾದ್ ಮಿರ್ಜಾ ನಮ್ಮ ಬೆಂಗಳೂರಿನ ಹುಡುಗ. 2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದಾಗ ಎಲ್ಲರೂ ಅಡೆತಡೆ ಹಾರಿದ್ದನ್ನೇ ಹೊಗಳಿದರು. ಅವನ ಆಟ, ಈವೆಂಟಿಂಗ್ ಅಂತಾರಲ್ಲ, ಅದು ಶುರುವಾಗೋದು ಡ್ರೆಸಾಜಿನಿಂದ. ಓಟವಿಲ್ಲ, ಹಾರಾಟವಿಲ್ಲ, ಕುದುರೆ ನೆಮ್ಮದಿಯಾಗಿ ಸವಾರನ ಮಾತು ಕೇಳಬೇಕು. ಹೆದರಿದ್ದು ಅಲ್ಲೇ ಸಿಕ್ಕಿಬೀಳುತ್ತೆ. ರೇಸಿನಲ್ಲಿ ಅಂಥ ಪರೀಕ್ಷೆ ಇಲ್ಲ. ಇರಬೇಕಿತ್ತು ಅಂತ ನನಗನ್ನಿಸುತ್ತೆ, ನನ್ನ ಮಾತು ಯಾರು ಕೇಳುತ್ತಾರೆ.

ಒಂದಷ್ಟು ದಿನ ಬರಿಗೈಯಲ್ಲಿ ಲಾಯಕ್ಕೆ ಹೋಗಿ ನೋಡು. ಹಿಂಭಾಗ ತಿರುಗಿಸಿದರೆ ಒಳಗೆ ಕಾಲಿಡಬೇಡ, ಬಾಗಿಲಲ್ಲೇ ಮಾತಾಡುತ್ತಾ ನಿಲ್ಲು. ತಾನಾಗಿ ತಿರುಗಿದರೆ ಭುಜದ ಪಕ್ಕದಿಂದ ಹೋಗು. ಮೂಗಿಗೆ ತೀರಾ ಹತ್ತಿರ, ನೇರಕ್ಕೆ ನಿಂತರೆ ನೀನು ಅದಕ್ಕೆ ಸರಿಯಾಗಿ ಕಾಣಿಸಲ್ಲ. ಹಗ್ಗ ಎಳೆದಾಗ ಒಂದು ಹೆಜ್ಜೆ ಕೊಟ್ಟರೂ ಆ ಕ್ಷಣವೇ ಸಡಿಲ ಬಿಡು. ತಡವಾಗಿ ಬಿಟ್ಟರೆ ಅದಕ್ಕೆ ಏನೂ ಅರ್ಥವಾಗಲ್ಲ. ನಿಮ್ಮ ಟ್ರೈನರ್ "ಟೈಮಿಲ್ಲ" ಅನ್ನಬಹುದು. ಅವರ ಹತ್ತಿರ ಜಗಳ ಬೇಡ, ಸಂಜೆ ಮೇವು ಹಾಕೋ ಹೊತ್ತಿಗೆ ಹೋಗು.

ನೀನು ಹಿಂದಿನ ವಾರ ಅದಕ್ಕೆ ಹೊಡೆದಿದ್ದೆಯಾ? ಕೇಳಬಾರದಿತ್ತು, ಕೇಳಿದೆ. ನನಗೆ ಮಾತ್ರ ಬರೆ. ಡಾಕ್ಟರು ಹಲ್ಲು ನೋಡಿ ಏನಂದರು ಅನ್ನೋದನ್ನೂ ಬರೆ. ನಿಮ್ಮಮ್ಮನಿಗೆ ಈ ಕಾಗದದ ವಿಷಯ ಹೇಳಿಲ್ಲ.

ಇತಿ,
ನಿನ್ನ ಸೋದರಮಾವ