ಮೂರು ರಾಜ್ಯಗಳ ಒಂದೇ ಕಾಡಿಗೆ ಹಂಚಿಕೊಂಡ ಮಾಹಿತಿ ಬೇಕು

ಮಾನ್ಯ ಸಂಪಾದಕರೇ,

ಗೋವಾದ ಸತ್ತರಿ ತಾಲ್ಲೂಕಿನ ಮಹದಾಯಿ ವನ್ಯಜೀವಿ ಧಾಮದ ಬೆನ್ನಿಗೇ ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ, ಭೀಮಗಡದ ಕಾಡುಗಳಿವೆ. ಉತ್ತರಕ್ಕೆ ಮಹಾರಾಷ್ಟ್ರದ ದೋಡಾಮಾರ್ಗ ಮತ್ತು ತಿಲ್ಲಾರಿ. ದಕ್ಷಿಣಕ್ಕೆ ಇದೇ ಹಸಿರು ಮೊಲ್ಲೆಂ ದಾಟಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವನ್ನು ಸೇರುತ್ತದೆ. ಪ್ರಾಣಿಗಳಿಗೆ ಇದು ಅಖಂಡ ಕಾಡು. ಆದರೆ ಈ ಕಾಡಿನ ಬಗ್ಗೆ ನಾವು ಈವರೆಗೆ ತಿಳಿದುಕೊಂಡಿರುವುದೆಲ್ಲ ಪಣಜಿ, ಬೆಳಗಾವಿ, ದಾಂಡೇಲಿ, ಕೊಲ್ಹಾಪುರದ ಅರಣ್ಯ ಕಚೇರಿಗಳಲ್ಲಿ ಹಾಗೂ ಪುಣೆ, ಬೆಂಗಳೂರು, ಡೆಹ್ರಾಡೂನ್‌ನ ಸಂಶೋಧನಾ ಸಂಸ್ಥೆಗಳ ಕಂಪ್ಯೂಟರುಗಳಲ್ಲಿ ತುಂಡು ತುಂಡಾಗಿ ಬಿದ್ದಿದೆ. ಫೋಂಡಾದಲ್ಲಿ ನೆಲೆಸಿ, ಕಾಡಿನ ಅಧ್ಯಯನ ಮಾಡುವವರಿಗೆ ಗಣಕೀಕೃತ ನಕ್ಷೆಗಳನ್ನು ಸಿದ್ಧಪಡಿಸಿಕೊಡುವ ಕೆಲಸದಲ್ಲಿ ಬಹುಕಾಲದಿಂದ ತೊಡಗಿರುವ ಕನ್ನಡಿಗ ನಾನು. ಈ ತುಂಡುಗಳನ್ನು ಕೂಡಿಸುವ ಕಾಯಂ ಏರ್ಪಾಡು ಏಕೆ ಬೇಕೆಂಬುದನ್ನು ತಮ್ಮ ಪತ್ರಿಕೆಯ ಮೂಲಕ ಗಡಿಯ ಎರಡೂ ಬದಿಯ ಓದುಗರ ಮುಂದೆ ಇಡಲು ಬಯಸುತ್ತೇನೆ.

ಇದು ಆಗದ ಕೆಲಸವಲ್ಲ ಎಂಬುದಕ್ಕೆ ಹುಲಿಯ ಉದಾಹರಣೆಯೇ ಇದೆ. ಒಂದು ಹುಲಿಯ ಪಟ್ಟೆ ಇನ್ನೊಂದರಂತೆ ಇರುವುದಿಲ್ಲ. ಮಹಾರಾಷ್ಟ್ರದ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ 2018ರಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ್ದ ಹುಲಿಯೊಂದು 2020ರಲ್ಲಿ ಕಾಳಿಯಲ್ಲಿ ಕಾಣಿಸಿಕೊಂಡಾಗ, ಅದು ಅದೇ ಹುಲಿಯೆಂದು ಹೇಳಲು ಸಾಧ್ಯವಾದದ್ದು ಎರಡೂ ಕಡೆಯ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶವಿದ್ದುದರಿಂದ. ಆ ಒಂದು ಹೋಲಿಕೆಯಿಂದ, ಎರಡು ಹುಲಿ ಪ್ರದೇಶಗಳ ನಡುವಿನ ಹಾದಿ ಇನ್ನೂ ಮುಚ್ಚಿಲ್ಲ ಎಂಬುದು ಖಚಿತವಾಯಿತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮತ್ತು ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ಹುಲಿಯ ಮಟ್ಟಿಗೆ ಇಂಥ ಚಿತ್ರಭಂಡಾರವನ್ನು ಕಟ್ಟಿವೆ. ಉಳಿದ ಜೀವಿಗಳ ಮಟ್ಟಿಗೆ ಅಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಇಲ್ಲ. 2018ರ ಹುಲಿ ಗಣತಿಯಲ್ಲಿ ದೇಶದಾದ್ಯಂತ 26,838 ಸ್ಥಳಗಳಲ್ಲಿ ಕ್ಯಾಮೆರಾ ಕಟ್ಟಿದ್ದರು, ಸುಮಾರು 3.48 ಕೋಟಿ ಚಿತ್ರಗಳು ಬಂದವು. ಅವುಗಳಲ್ಲಿ ಹುಲಿ ಇದ್ದದ್ದು 76,651 ಚಿತ್ರಗಳಲ್ಲಿ, ಚಿರತೆ ಇದ್ದದ್ದು 51,777ರಲ್ಲಿ. ಉಳಿದ ರಾಶಿಯಲ್ಲಿ ಕಡವೆ, ಕಾಟಿ, ಸೀಳುನಾಯಿ, ಪುನುಗು ಬೆಕ್ಕು, ಮೇಯಲು ಬಂದ ದನ, ಕಟ್ಟಿಗೆ ಹೊತ್ತ ಹೆಂಗಸರು ಎಲ್ಲರೂ ಇರುತ್ತಾರೆ. ಪುನುಗು ಬೆಕ್ಕಿನ ಬಗ್ಗೆ ಅಧ್ಯಯನ ಮಾಡಲು ಹೊರಟ ವಿದ್ಯಾರ್ಥಿಗೆ ಆ ಚಿತ್ರಗಳು ಸುಲಭವಾಗಿ ಸಿಗುವಂತಿದ್ದರೆ, ಅವನು ಮತ್ತೆ ಹಣ ಹೊಂದಿಸಿ, ಮತ್ತೆ ಅನುಮತಿ ಕಾದು, ಅದೇ ಕಾಡಿನಲ್ಲಿ ಅದೇ ಕ್ಯಾಮೆರಾ ಕಟ್ಟುವ ಅಗತ್ಯವೇ ಬೀಳುತ್ತಿರಲಿಲ್ಲ.

ಮಾಹಿತಿ ಚದುರಿದ್ದರೆ ಆಗುವ ನಷ್ಟ ಸಂಶೋಧಕರಿಗೆ ಮಾತ್ರ ಸೀಮಿತವಲ್ಲ. 2020ರ ಜನವರಿಯಲ್ಲಿ ಮಹದಾಯಿ ಧಾಮದಲ್ಲಿ ಒಂದು ಹೆಣ್ಣು ಹುಲಿ ಮತ್ತು ಅದರ ಮೂರು ಮರಿಗಳು ವಿಷಕ್ಕೆ ಬಲಿಯಾದವು. ಗೋವಾದ ಈ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸುವಂತೆ ಬಾಂಬೆ ಹೈಕೋರ್ಟಿನ ಗೋವಾ ಪೀಠ 2023ರ ಜುಲೈನಲ್ಲಿ ಆದೇಶಿಸಿತು. ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಘೋಷಣೆ ಆಗಲೇಬೇಕೆಂದು ಬಯಸುವವರಲ್ಲಿ ನಾನೂ ಒಬ್ಬ. ಆದರೆ ಘೋಷಣೆಯಾದ ಮೇಲೂ ಹುಲಿಯ ಬಾಯಿಗೆ ದನ ಕಳೆದುಕೊಂಡವನ ದೂರು ಒಂದು ಕಡತದಲ್ಲಿ, ಅವನ ಪರಿಹಾರದ ಅರ್ಜಿ ಇನ್ನೊಂದು ಕಡತದಲ್ಲಿ, ಮರಿಗಳೊಂದಿಗೆ ಓಡಾಡುವ ಹುಲಿಯ ಚಿತ್ರ ಮೂರನೆಯವರ ಹಾರ್ಡ್ ಡಿಸ್ಕಿನಲ್ಲಿ ಉಳಿದರೆ ಯಾವ ಊರಿನಲ್ಲಿ ಸಿಟ್ಟು ಕುದಿಯುತ್ತಿದೆ ಎಂಬುದು ಯಾರಿಗೂ ಮೊದಲೇ ತಿಳಿಯುವುದಿಲ್ಲ. ಈ ಮೂರನ್ನೂ ಒಂದೇ ಪರದೆಯ ಮೇಲೆ ನೋಡುವ ವಲಯ ಅರಣ್ಯಾಧಿಕಾರಿ ಪರಿಹಾರದ ಚೆಕ್ಕನ್ನು ಮೊದಲು ಯಾವ ಮನೆಗೆ ಮುಟ್ಟಿಸಬೇಕೆಂದು ತಾನೇ ತೀರ್ಮಾನಿಸಬಲ್ಲ.

ಕಾಡ್ಗಿಚ್ಚಿನ ವಿಷಯದಲ್ಲಿ ಮಾಹಿತಿ ಬರುತ್ತದೆ, ಆದರೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹ ಆಧಾರಿತ ಬೆಂಕಿ ಎಚ್ಚರಿಕೆಗಳನ್ನು ರಾಜ್ಯಗಳಿಗೆ ಕಳುಹಿಸುತ್ತಿದೆ. ಉಪಗ್ರಹದಲ್ಲಿರುವ ಮೋಡಿಸ್ ಸಂವೇದಕದ ಒಂದು ಚುಕ್ಕೆ ನೆಲದ ಮೇಲೆ ಸುಮಾರು 1 ಕಿಲೋಮೀಟರ್ ಅಗಲ. ವೀರ್ಸ್ ಸಂವೇದಕದ್ದು 375 ಮೀಟರ್. ಸಹ್ಯಾದ್ರಿಯ ಕಡಿದಾದ ಇಳುಕಲಿನಲ್ಲಿ 375 ಮೀಟರ್ ಎಂದರೆ ಗುಡ್ಡದ ನೆತ್ತಿಯೂ ಆಗಬಹುದು, ಕೆಳಗಿನ ಗೇರು ತೋಟವೂ ಆಗಬಹುದು. ಮೊಬೈಲಿಗೆ ಬರುವ ಸಂದೇಶದಲ್ಲಿ ಅಕ್ಷಾಂಶ, ರೇಖಾಂಶದ ಅಂಕಿಗಳಿರುತ್ತವೆ. ಗಸ್ತು ತಿರುಗುವ ಗಾರ್ಡಿಗೆ ಆ ಜಾಗ ಗೊತ್ತಿರುವುದು ಹಳ್ಳದ ಹೆಸರಿನಿಂದ, ದೇವರ ಬನದ ಹೆಸರಿನಿಂದ, ಹಳೆಯ ಕುಮ್ರಿ (ಕಾಡು ಕಡಿದು ಸುಟ್ಟು ಮಾಡುತ್ತಿದ್ದ) ಬೇಸಾಯದ ಜಾಗದ ಹೆಸರಿನಿಂದ. ಈ ಸ್ಥಳನಾಮಗಳನ್ನು ನಕ್ಷೆಗೆ ಏರಿಸುವ ಕೆಲಸವನ್ನು ಅನೇಕ ಸಂಶೋಧಕರು ತಮ್ಮ ಅಧ್ಯಯನದ ಭಾಗವಾಗಿ ಆಗಲೇ ಮಾಡಿದ್ದಾರೆ. ಯಾವ ಇಳುಕಲಿನಲ್ಲಿ ಹುಲ್ಲು ಮೊದಲು ಒಣಗುತ್ತದೆ, ಯಾವ ಜಾಗ ಪದೇ ಪದೇ ಸುಡುತ್ತದೆ ಎಂಬುದೂ ಅವರ ಪಟ್ಟಿಗಳಲ್ಲಿದೆ. ಬೆಂಕಿ ಹರಡದಂತೆ ತಡೆಯುವ ಬೆಂಕಿ ರೇಖೆಯನ್ನು ಎಲ್ಲಿ ಸವರಬೇಕೆಂದು ಇಲಾಖೆ ಜನವರಿಯಲ್ಲಿ ಯೋಜಿಸುವಾಗ ಆ ಪಟ್ಟಿಗಳು ಮೇಜಿನ ಮೇಲಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! 2023ರ ಮಾರ್ಚಿನಲ್ಲಿ ಸತ್ತರಿಯ ಗುಡ್ಡಗಳು ದಿನಗಟ್ಟಲೆ ಉರಿದು, ನೌಕಾಪಡೆ ಮತ್ತು ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಗಿ ಬಂದುದನ್ನು ಇಲ್ಲಿನವರು ಮರೆತಿಲ್ಲ.

ನಕ್ಷೆಗಳ ಒಂದು ತೊಡಕನ್ನು ಇಲ್ಲೇ ಹೇಳಬೇಕು, ಏಕೆಂದರೆ ಇದರ ಕಡೆ ಗಮನ ಹರಿಸುವವರು ಕಡಿಮೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ನಕ್ಷೆಗಳು ಎವರೆಸ್ಟ್ ಎಂಬ ಭೂ ಆಕಾರದ ಲೆಕ್ಕದ ಮೇಲೆ ತಯಾರಾದವು. ಇಂದಿನ ಜಿಪಿಎಸ್ ಉಪಕರಣಗಳು ಬಳಸುವುದು ಡಬ್ಲ್ಯುಜಿಎಸ್-84 ಎಂಬ ಬೇರೆ ಲೆಕ್ಕವನ್ನು. ಸರಿಯಾಗಿ ಪರಿವರ್ತಿಸದೆ ಒಂದರ ಮೇಲೊಂದು ಹಾಸಿದರೆ ಒಂದೇ ಗಡಿಕಲ್ಲು ನೂರಾರು ಅಡಿ ಅಂತರದಲ್ಲಿ ಎರಡು ಕಡೆ ಕಾಣಿಸುತ್ತದೆ. ಅರಣ್ಯ ಯಾವುದು, ರೈತನ ಮಾಲ್ಕಿ ಜಮೀನು ಯಾವುದು ಎಂಬ ತಕರಾರಿನಲ್ಲಿ ನೂರು ಅಡಿ ಅಂದರೆ ಒಂದು ಕುಟುಂಬದ ಗೇರು ಮರಗಳು. ಹೀಗಾಗಿ ಮಾಹಿತಿ ಹಂಚಿಕೊಳ್ಳುವುದೆಂದರೆ ಕಡತ ಕಳುಹಿಸಿ ಕೈತೊಳೆದುಕೊಳ್ಳುವುದಲ್ಲ. ಯಾವ ಲೆಕ್ಕದಲ್ಲಿ, ಯಾವ ದಿನ, ಯಾರು, ಯಾವ ಉಪಕರಣದಿಂದ ಅಳೆದರು ಎಂಬ ವಿವರವೂ ಅದರ ಜೊತೆಗೇ ಹೋಗಬೇಕು.

ಮಂಗನ ಕಾಯಿಲೆಯ ಬಗ್ಗೆ ಕನ್ನಡ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರೂ ಜ್ವರಕ್ಕೆ ತುತ್ತಾದಾಗ, ಆ ವೈರಾಣುವನ್ನು ಗುರುತಿಸಿದವರು ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು. ಅದೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ದಶಕಗಳ ಕಾಲ ಮಲೆನಾಡಿನದೆಂದುಕೊಂಡಿದ್ದ ಕಾಯಿಲೆ 2015ರಲ್ಲಿ ಸತ್ತರಿಯಲ್ಲಿ, 2016ರಲ್ಲಿ ದೋಡಾಮಾರ್ಗದಲ್ಲಿ ಕಾಣಿಸಿಕೊಂಡಿತು. ಗೇರು ಬೀಜ ಆರಿಸಲು ಕಾಡಂಚಿಗೆ ಹೋಗುವ ಕೂಲಿಕಾರರೇ ಇದಕ್ಕೆ ಮೊದಲು ಸಿಕ್ಕಿಬೀಳುವವರು, ಮತ್ತು ಅವರಲ್ಲಿ ಗಡಿಯಾಚೆಯಿಂದ ಹಂಗಾಮಿಗೆ ಬಂದು ಹೋಗುವ ನಮ್ಮವರೂ ಇದ್ದಾರೆ. ಉಣ್ಣೆ (ಉಣುಗು) ಎಂಬ ರಕ್ತ ಹೀರುವ ಹುಳದಿಂದ ಹರಡುವ ಈ ರೋಗದ ಮುನ್ಸೂಚನೆ ಕಾಡಿನಲ್ಲೇ ಸಿಗುತ್ತದೆ: ಮುಸುವ ಅಥವಾ ಮಂಗ ಸತ್ತು ಬಿದ್ದಿರುವುದು. ಅದನ್ನು ಮೊದಲು ನೋಡುವವನು ಬೀಟ್ ಗಾರ್ಡ್, ಇಲ್ಲವೇ ಸೊಪ್ಪು ತರಲು ಹೋದವರು. ಅಲ್ಲಿಂದ ಸುದ್ದಿ ಪಶುವೈದ್ಯ ಇಲಾಖೆಗೆ ಹೋಗಬೇಕು, ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು, ಫಲಿತಾಂಶ ಆರೋಗ್ಯ ಇಲಾಖೆಗೆ ಬರಬೇಕು, ಆಮೇಲೆ ಹಳ್ಳಿಯಲ್ಲಿ ಉಣ್ಣೆ ನಿವಾರಕ ಎಣ್ಣೆ ಹಂಚಬೇಕು. ಮೂರು ಇಲಾಖೆ, ಮೂರು ರಾಜ್ಯ, ಮೂರು ಆಡಳಿತ ಭಾಷೆ. ಗಡಿಯ ಈಚೆ ಸತ್ತ ಮಂಗನ ಸುದ್ದಿ ಆಚೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ಮುಟ್ಟಬೇಕು. ವಾರದ ನಂತರ ಬಂದ ಪತ್ರ ಜ್ವರ ಬಂದವನಿಗೆ ಪ್ರಯೋಜನವಿಲ್ಲ. ಮೊಬೈಲಿನಲ್ಲಿ ತುಂಬಬಹುದಾದ ಒಂದು ಪುಟದ ನಮೂನೆ ಸಾಕು: ಸ್ಥಳ, ದಿನಾಂಕ, ಪ್ರಾಣಿ, ಒಂದು ಚಿತ್ರ. ಅದು ಗಡಿ ಜಿಲ್ಲೆಗಳ ಎಲ್ಲ ಸಂಬಂಧಪಟ್ಟ ಅಧಿಕಾರಿಗಳಿಗೂ, ಪುಣೆಯ ವಿಜ್ಞಾನಿಗಳಿಗೂ ಒಟ್ಟಿಗೆ ಕಾಣುವಂತಿರಬೇಕು. ನನ್ನ ಮಟ್ಟಿಗೆ, ಈ ಪತ್ರದಲ್ಲಿ ಬೇರೆ ಏನನ್ನೂ ಒಪ್ಪದವರು ಸಹ ಇದೊಂದನ್ನು ಒಪ್ಪಬೇಕು.

ದೋಷ ಇಲಾಖೆಯದು ಮಾತ್ರ ಎಂದು ನಾನು ಹೇಳಲಾರೆ. ಸಂಶೋಧಕರು ಕಾಡಿಗೆ ಹೋಗಲು ಅನುಮತಿ ಪಡೆಯುವಾಗ ವರದಿ ಒಪ್ಪಿಸುವುದಾಗಿ ಬರೆದುಕೊಡುತ್ತಾರೆ; ಒಪ್ಪಿಸುತ್ತಾರೆ ಕೂಡ. ವಲಯ ಕಚೇರಿಯೊಂದರ ಕಪಾಟಿನಲ್ಲಿ ಅಂಥದೊಂದು ವರದಿಯನ್ನು ನೋಡಿದ್ದೇನೆ. ದಪ್ಪ ರಟ್ಟಿನ ಇಂಗ್ಲಿಷ್ ಪ್ರಬಂಧದ ಜೆರಾಕ್ಸ್ ಪ್ರತಿ ಅದು. ಮೂಲದಲ್ಲಿ ದಟ್ಟ ಕಾಡು ಹಸಿರು, ಸುಟ್ಟ ಜಾಗ ಕೆಂಪು, ಹುಲ್ಲುಗಾವಲು ಹಳದಿ ಇದ್ದಿರಬೇಕು; ಕಪ್ಪು-ಬಿಳುಪು ಪ್ರತಿಯಲ್ಲಿ ಮೂರೂ ಒಂದೇ ಬೂದು ಬಣ್ಣವಾಗಿದ್ದವು. ಹಿಂದಿನ ರಟ್ಟಿಗೆ ಒಂದು ಸಿಡಿ ಅಂಟಿಸಿತ್ತು, ಆ ಕಚೇರಿಯ ಕಂಪ್ಯೂಟರಿಗೆ ಸಿಡಿ ಹಾಕುವ ಜಾಗವೇ ಇರಲಿಲ್ಲ. ವರದಿ ಕೊಟ್ಟವರೂ ಕರ್ತವ್ಯ ಮುಗಿಸಿದ್ದರು, ಪಡೆದವರೂ ರಿಜಿಸ್ಟರಿನಲ್ಲಿ ನಮೂದಿಸಿದ್ದರು, ಆದರೆ ಆ ಕಾಡನ್ನು ಕಾಯುವವರಿಗೆ ಅದರಿಂದ ಒಂದು ಸಾಲೂ ದಕ್ಕಿರಲಿಲ್ಲ. ವರ್ಷಗಟ್ಟಲೆ ಜಿಗಣೆ ಕಚ್ಚಿಸಿಕೊಂಡು, ಮಳೆಯಲ್ಲಿ ನೆನೆದು ಆ ಪಟ್ಟಿ ತಯಾರಿಸಿದವರ ಶ್ರಮ ನೆನೆದರೆ ಸಂಕಟವಾಗುತ್ತದೆ.

ಹಂಚಿಕೊಳ್ಳಲು ಇಬ್ಬರಿಗೂ ಅಂಜಿಕೆಯಿದೆ, ಮತ್ತು ಎರಡರಲ್ಲೂ ಹುರುಳಿದೆ. ತಾನು ಪ್ರಕಟಿಸುವ ಮೊದಲೇ ಇನ್ನೊಬ್ಬರು ತನ್ನ ದತ್ತಾಂಶ ಬಳಸಿಕೊಂಡಾರು ಎಂಬುದು ಸಂಶೋಧನಾ ವಿದ್ಯಾರ್ಥಿಯ ಭಯ. ಅವನ ಉದ್ಯೋಗವೇ ಅದರ ಮೇಲೆ ನಿಂತಿರುವುದರಿಂದ ಎರಡು ಮೂರು ವರ್ಷ ಅವನಿಗೆ ಮೊದಲ ಹಕ್ಕು ಇರಲಿ. ಕೊಟ್ಟ ಅಂಕಿ ನಾಳೆ ನ್ಯಾಯಾಲಯದಲ್ಲಿ ತಮ್ಮ ವಿರುದ್ಧವೇ ತಿರುಗೀತು ಎಂಬುದು ಅಧಿಕಾರಿಗಳ ಭಯ. ಅದಕ್ಕೆ ಉತ್ತರ ಮುಚ್ಚಿಡುವುದಲ್ಲ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ ಇಡೀ ಘಟ್ಟಸಾಲನ್ನು ಸುಮಾರು 9 ಕಿಲೋಮೀಟರ್ ಚೌಕಗಳಾಗಿ ವಿಂಗಡಿಸಿ, ಲಭ್ಯವಿದ್ದ ಮಾಹಿತಿಯನ್ನೆಲ್ಲ ಕೂಡಿಸಿ 2011ರ ಆಗಸ್ಟಿನಲ್ಲಿ ವರದಿ ಸಲ್ಲಿಸಿತು. ಅದು ಜನರ ಕೈಗೆ ಬಂದದ್ದು ಮಾಹಿತಿ ಹಕ್ಕಿನ ಅರ್ಜಿ, ಕೇಂದ್ರ ಮಾಹಿತಿ ಆಯೋಗ, ದೆಹಲಿ ಹೈಕೋರ್ಟ್ ಎಲ್ಲವನ್ನೂ ದಾಟಿ 2012ರ ಮೇ ತಿಂಗಳಿನಲ್ಲಿ. ಅಷ್ಟರೊಳಗೆ ಘಟ್ಟದ ಹಳ್ಳಿಗಳಲ್ಲಿ ಊಹಾಪೋಹ ಬೇರುಬಿಟ್ಟಿತ್ತು. ವರದಿಯನ್ನು ಮೊದಲೇ ಜನರ ಭಾಷೆಗಳಲ್ಲಿ ಅವರ ಮುಂದಿಟ್ಟಿದ್ದರೆ ಚರ್ಚೆ ಬೇರೆಯದೇ ಹಾದಿ ಹಿಡಿಯುತ್ತಿತ್ತು ಎಂದೇ ನನ್ನ ನಂಬಿಕೆ. ಮೊಲ್ಲೆಂನ ಕಾಡಿನ ಮೂಲಕ ಕ್ಯಾಸಲ್‌ರಾಕ್–ಕುಳೆಂ ರೈಲು ಮಾರ್ಗವನ್ನು ಜೋಡಿ ಹಳಿ ಮಾಡಲು ರಾಷ್ಟ್ರೀಯ ವನ್ಯಜೀವಿ ಮಂಡಳಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಕಾಡಿನ ಬಗ್ಗೆ ತಿಳಿದವರ ಅಂಕಿಅಂಶ ಮೊದಲೇ ಕಡತದೊಳಗಿದ್ದರೆ ಯೋಜನೆಗಳ ಪರವಾಗಿರುವವರಿಗೂ ವಿರುದ್ಧವಾಗಿರುವವರಿಗೂ ಇಷ್ಟು ವರ್ಷಗಳ ಅಲೆದಾಟ ತಪ್ಪುತ್ತದೆ.

ಎಲ್ಲವನ್ನೂ ಎಲ್ಲರಿಗೂ ತೆರೆದಿಡಬೇಕೆಂದು ನಾನು ಕೇಳುತ್ತಿಲ್ಲ. ಹುಲಿ ಇಂದು ಎಲ್ಲಿದೆ, ಬೆಲೆಬಾಳುವ ಔಷಧಿ ಸಸ್ಯ ಯಾವ ಹಳ್ಳದಲ್ಲಿದೆ ಎಂಬುದು ಕಳ್ಳಬೇಟೆಗಾರನಿಗೆ ಸಿಗಕೂಡದು. ಸಾರ್ವಜನಿಕರಿಗೆ ಚೌಕದ ಮಟ್ಟದ ಮಾಹಿತಿ, ನೋಂದಾಯಿತ ಸಂಶೋಧಕರಿಗೆ ಹೆಚ್ಚಿನದು, ನಿಖರ ಜಾಗ ಹೊಣೆಗಾರ ಅಧಿಕಾರಿಗೆ ಮಾತ್ರ ಎಂಬ ಹಂತಗಳನ್ನು ಮಾಡಬಹುದು. 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿಯಲ್ಲೂ ಮುಕ್ತ, ನೋಂದಾಯಿತ, ನಿರ್ಬಂಧಿತ ಎಂಬ ಭೇದಗಳಿವೆ. ಊರಿನ ಗಿಡ, ಪ್ರಾಣಿಗಳ ವಿವರ ಬರೆದಿಡುವ ಜೀವವೈವಿಧ್ಯ ದಾಖಲಾತಿಗೆ ಊರಿನ ಹಿರಿಯರು ಹೇಳಿದ ಸಂಗತಿಗಳ ಮೇಲೆ ಆ ಊರಿನ ಹಕ್ಕು ಉಳಿಯಬೇಕು, ಅವರನ್ನು ಕೇಳದೆ ಅವು ಯಾವ ಜಾಲತಾಣಕ್ಕೂ ಏರಬಾರದು.

ಗೋವಾ ಅರಣ್ಯ ಇಲಾಖೆ, ಕರ್ನಾಟಕದ ಬೆಳಗಾವಿ ಮತ್ತು ಕೆನರಾ ಅರಣ್ಯ ವೃತ್ತಗಳು, ಕಾಳಿ ಹುಲಿ ಪ್ರದೇಶದ ನಿರ್ದೇಶಕರು, ಮಹಾರಾಷ್ಟ್ರದ ಕೊಲ್ಹಾಪುರ ವೃತ್ತ, ಇಷ್ಟು ಕಚೇರಿಗಳು ಮುಂದಿನ ಬೆಂಕಿ ಹಂಗಾಮಿಗೆ ಮೊದಲು ಒಮ್ಮೆ ಕೂಡಿ ಕುಳಿತು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕೆಂದು ಕೋರುತ್ತೇನೆ. ಆರಂಭಕ್ಕೆ ಬೆಂಕಿ ಬಿದ್ದ ಜಾಗಗಳು ಮತ್ತು ಮಂಗಗಳ ಸಾವು, ಈ ಎರಡೇ ವಿಷಯ ಸಾಕು. ಹೊಸದಾಗಿ ಕೊಡುವ ಸಂಶೋಧನಾ ಅನುಮತಿಗಳಲ್ಲಿ ನಕ್ಷೆ ಮತ್ತು ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ತೆರೆದು ಬಳಸಬಹುದಾದ ರೂಪದಲ್ಲಿ, ನಾಲ್ಕು ಪುಟದ ಕನ್ನಡ, ಮರಾಠಿ ಅಥವಾ ಕೊಂಕಣಿ ಸಾರಾಂಶದೊಂದಿಗೆ ಒಪ್ಪಿಸುವ ಷರತ್ತು ಸೇರಿಸಬೇಕು. ಪ್ರತಿಯಾಗಿ, ಅರ್ಜಿಗೆ ಎಷ್ಟು ದಿನಗಳೊಳಗೆ ಉತ್ತರಿಸುತ್ತೇವೆಂದು ಇಲಾಖೆಯೂ ಬರೆದುಕೊಡಬೇಕು. ಪ್ರತಿ ವಲಯ ಕಚೇರಿಯಲ್ಲಿ ಈ ನಕ್ಷೆಗಳನ್ನು ತೆರೆದು ಗಾರ್ಡುಗಳಿಗೆ ತೋರಿಸಬಲ್ಲ ಒಬ್ಬ ತರಬೇತಾದ ನೌಕರ ಇರಬೇಕು. ಅವನ ಸಂಬಳವನ್ನು ಯಾವ ಲೆಕ್ಕಶೀರ್ಷಿಕೆಯಿಂದ ಕೊಡುವುದು ಎಂಬುದನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಲಿ.

ಇತಿ ತಮ್ಮ ವಿಶ್ವಾಸಿ,
ಗೋವಾ ಕನ್ನಡಿಗ
ಫೋಂಡಾ, ಗೋವಾ